ಕೈಯಲ್ಲಿದ್ದ ಬಟ್ಟಲು

ಸಮರ್ಕಂದದ ಹಳೆ ಊರಿನ ಶಾಲೆಯಲ್ಲಿ ಪರೀಕ್ಷೆಯ ಕೋಣೆ ಎಂದರೆ ಅಂಗಳದ ಮೂಲೆಯ ಒಂದು ಸಣ್ಣ ಕೋಣೆ. ಒಂದು ಮೇಜು, ಎರಡು ಕುರ್ಚಿ, ಚಿತ್ರಗಳ ಪೆಟ್ಟಿಗೆ, ಸೆಕೆಂಡು ಎಣಿಸುವ ಗಡಿಯಾರ. ಇವುಗಳ ಜೊತೆಗೆ, ಯಾವ ಸರ್ಕಾರಿ ಪಟ್ಟಿಯಲ್ಲೂ ಇಲ್ಲದ ಒಂದು ಚಹಾ ಪಾತ್ರೆ ಮತ್ತು ಪಿಂಗಾಣಿ ಬಟ್ಟಲು. ಬಟ್ಟಲು ಮಕ್ಕಳ ಬುದ್ಧಿ ಪರೀಕ್ಷಿಸುವ ಮಸ್ತೂರಾಳದು. ಮಕ್ಕಳು ಹೆದರಿಕೊಂಡು ಬರುತ್ತಾರೆ, ಎದುರಿಗಿರುವವಳು ಮನೆಯವಳ ಹಾಗೆ ಚಹಾ ಕುಡಿಯುತ್ತಾ ಕೂತಿದ್ದರೆ ಅವರಿಗೆ ಧೈರ್ಯ ಬರುತ್ತದೆ ಎಂಬುದು ಅವಳ ಲೆಕ್ಕಾಚಾರ. ಯಾರೂ ಹೇಳಿಕೊಟ್ಟದ್ದಲ್ಲ, ಅವಳೇ ಕಂಡುಕೊಂಡದ್ದು. ಅದರ ಬಗ್ಗೆ ಅವಳಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

1935ರ ಅಕ್ಟೋಬರಿನಲ್ಲಿ ಆ ಕುರ್ಚಿಗೆ ಕುಮ್ರಿ ಬಂದು ಕೂತಳು. ಒಂಬತ್ತು ವರ್ಷ, ಎರಡು ಜಡೆ, ರೊಟ್ಟಿ ಸುಡುವ ಅನ್ಬರ್ ಬೀಬಿಯ ಮೊಮ್ಮಗಳು. ಮಸ್ತೂರಾ ಒಂದು ಚಿತ್ರ ತೋರಿಸಿದಳು. ಒಂದು ಕಾಲಿಲ್ಲದ ಕೋಳಿ.

"ಏನಿಲ್ಲ ನೋಡು ಇದ್ರಲ್ಲಿ?"

ಹುಡುಗಿ ಚಿತ್ರ ನೋಡಿದಳು, ಮಸ್ತೂರಾಳನ್ನು ನೋಡಿದಳು, ಕೈಕಟ್ಟಿ ಕೂತಳು. ಹತ್ತು ಸೆಕೆಂಡು. ಇಪ್ಪತ್ತು. ಮಸ್ತೂರಾ ಚಹಾ ಗುಟುಕರಿಸುತ್ತಾ ಕಾದಳು. ಮೂವತ್ತಾದ ಮೇಲೆ ಸೊನ್ನೆ ಬರೆಯಬೇಕು ಎಂಬುದು ನಿಯಮ. ಸೊನ್ನೆ ಬರೆದಳು. ಹೀಗೆ ಹದಿನೆಂಟು ಪ್ರಶ್ನೆ, ಹನ್ನೊಂದು ಸೊನ್ನೆ. ಕಾರ್ಡಿನಲ್ಲಿ ಕುಮ್ರಿಯ ಬುದ್ಧಿಯ ವಯಸ್ಸು ಐದೂವರೆ ಎಂದು ಬಂತು. ಅವಳ ಮೇಲಧಿಕಾರಿ ವಿಕೆಂತಿ ಲ್ವೋವಿಚ್ ಸಹಿ ಹಾಕಿದರು. ಮರುವಾರ ಹುಡುಗಿಯನ್ನು ಮಂದಬುದ್ಧಿಯ ಮಕ್ಕಳ ಶಾಲೆಗೆ ಸೇರಿಸಿದರು. ಅಲ್ಲಿ ಅಕ್ಷರವಿಲ್ಲ. ಕಾಗದದ ಚೀಲಕ್ಕೆ ಅಂಟು ಹಚ್ಚುವುದು ಕಲಿಸುತ್ತಾರೆ.

ಮಸ್ತೂರಾಳಿಗೆ ಅದು ಆ ದಿನದ ಆರನೇ ಕಾರ್ಡು, ಅಷ್ಟೇ.

ಅವಳು ಈ ಕೆಲಸಕ್ಕೆ ಬಂದದ್ದು ನೆಲ ಗುಡಿಸುವವಳಾಗಿ. 1926ರಲ್ಲಿ ಅವಳಿಗೆ ಇಪ್ಪತ್ತು. ಗಂಡ ರೈಲ್ವೆಯಲ್ಲಿದ್ದವನು, ಮದುವೆಯಾದ ವರ್ಷವೇ ಜ್ವರದಲ್ಲಿ ಹೋಗಿದ್ದ. ತಾಯಿ, ತಾನು, ಒಂದು ಹಿಪ್ಪುನೇರಳೆ ಮರ, ಇಷ್ಟೇ ಮನೆ. ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಮನಸ್ಸನ್ನು ಅಳೆಯುವ ಪ್ರಯೋಗಾಲಯ ತೆರೆಯುತ್ತಿದ್ದಾರೆ, ಗುಡಿಸಲು ಹೆಂಗಸು ಬೇಕಂತೆ ಎಂದು ಕೇರಿಯಲ್ಲಿ ಸುದ್ದಿ ಬಂತು. "ಮನಸ್ಸು ಅಳೀತಾರಂತಾ? ಮೊಳದಲ್ಲೋ ಸೇರಲ್ಲೋ?" ಎಂದು ತಾಯಿ ಕೇಳಿದ್ದಳು.

ಅಳೆಯುತ್ತಿದ್ದದ್ದು ಗಡಿಯಾರದಲ್ಲಿ. ವಿಕೆಂತಿ ಲ್ವೋವಿಚ್ 1914ರ ಯುದ್ಧಕ್ಕೆ ಮುಂಚೆ ಜರ್ಮನಿಯ ಲೈಪ್‌ಸಿಗ್‌ನಲ್ಲಿ ಓದಿ ಬಂದವರು. ಅಲ್ಲಿಂದ ತಂದ ಹಿತ್ತಾಳೆಯ ಗಡಿಯಾರ ಸೆಕೆಂಡನ್ನು ಸಾವಿರ ಹೋಳು ಮಾಡುತ್ತಿತ್ತು. ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತಬೇಕು. ಕಂಡದ್ದಕ್ಕೂ ಒತ್ತಿದ್ದಕ್ಕೂ ನಡುವಿನ ಸಮಯವೇ ಮನಸ್ಸು ಕೆಲಸ ಮಾಡುವ ಸಮಯ ಎಂದು ಅವರು ವಿವರಿಸುತ್ತಿದ್ದರು. ಒಂದು ದಿನ ಬರಬೇಕಾದವರು ಬರಲಿಲ್ಲವೆಂದು ಮಸ್ತೂರಾಳನ್ನೇ ಕೂರಿಸಿದರು. ದೀಪ ಹೊತ್ತಿತು. ಮಸ್ತೂರಾ ಅವರ ಮುಖ ನೋಡಿದಳು. ಹಿರಿಯರು, ಮೇಲಧಿಕಾರಿ, ಪಕ್ಕದಲ್ಲೇ ಕೂತಿದ್ದಾರೆ. ಅವರು ತಲೆಯಾಡಿಸುವ ಮುಂಚೆ ತಾನು ಕೈ ಚಾಚುವುದು ಹೇಗೆ? ಅವರು ತಲೆಯಾಡಿಸಲಿಲ್ಲ. ಕೊನೆಗೆ ಹೆದರುತ್ತಲೇ ಒತ್ತಿದಳು. ಇಪ್ಪತ್ತು ಸಲವೂ ಹಾಗೆಯೇ ಆಯಿತು. ಅವರು ಪುಸ್ತಕದಲ್ಲಿ ಬರೆದುಕೊಂಡರು: ಪ್ರತಿಕ್ರಿಯೆ ಬಹಳ ನಿಧಾನ.

ಆಗ ಅವಳಿಗೆ ರಷ್ಯನ್ ಓದಲು ಬರುತ್ತಿರಲಿಲ್ಲ. ಎರಡು ವರ್ಷದ ಮೇಲೆ ಕಪಾಟು ಒರೆಸುವಾಗ ಆ ಸಾಲು ಕಣ್ಣಿಗೆ ಬಿತ್ತು. ಓದಿ, ಪುಸ್ತಕ ಮುಚ್ಚಿ, ಇದ್ದ ಜಾಗದಲ್ಲೇ ಇಟ್ಟಳು.

ಅಷ್ಟರಲ್ಲಿ ಹಿತ್ತಾಳೆ ಗಡಿಯಾರ ಕಪಾಟು ಸೇರಿತ್ತು. ಮನಸ್ಸು ಎಂಬುದೇ ಇಲ್ಲ, ಇರುವುದು ಹೊರಗಿನ ಪ್ರಚೋದನೆ ಮತ್ತು ಮೈಯ ಉತ್ತರ ಮಾತ್ರ ಎಂದು ಮಾಸ್ಕೋ ಕಡೆಯಿಂದ ಹೊಸ ವಾದ ಬಂದಿತ್ತು. ಓಲಪಾರ್ ಎಂಬ ಮಚ್ಚೆ ನಾಯಿಯನ್ನು ಪಟ್ಟಿಯಲ್ಲಿ ಕಟ್ಟಿ ನಿಲ್ಲಿಸಿದರು. ಟಿಕ್ ಟಿಕ್ ಸದ್ದು, ಆಮೇಲೆ ಮಾಂಸ. ವಾರ ಕಳೆಯುವುದರೊಳಗೆ ಮಾಂಸವಿಲ್ಲದಿದ್ದರೂ ಸದ್ದಿಗೇ ನಾಯಿ ಜೊಲ್ಲು ಸುರಿಸತೊಡಗಿತು. ಹನಿ ಎಣಿಸುವ ಕೆಲಸ ಮಸ್ತೂರಾಳದು. ಪ್ರಯೋಗ ಮುಗಿದ ಮೇಲೆ ನಾಯಿಯನ್ನು ಅವಳು ಮನೆಗೆ ಕರೆದುಕೊಂಡು ಹೋದಳು. ಪಕ್ಕದ ಮನೆಯ ಕಮ್ಮಾರ ಸುತ್ತಿಗೆ ಬಡಿದಾಗಲೆಲ್ಲ ಅದು ಎದ್ದು ನಿಂತು ಬಾಯಿ ಒದ್ದೆ ಮಾಡಿಕೊಳ್ಳುತ್ತಿತ್ತು. "ಪಾಪ, ಯಾರಿವ್ನಿಗೆ ಹೀಗ್ಮಾಡಿದ್ದು?" ಎಂದು ತಾಯಿ ಕೇಳಿದರೆ ಮಸ್ತೂರಾ ಮಾತು ಮರೆಸುತ್ತಿದ್ದಳು.

ಆಮೇಲೆ ಬಂದದ್ದು ಆಕಾರಗಳ ಕಾಲ. ಮನಸ್ಸು ಚೂರುಚೂರಾಗಿ ಕಾಣುವುದಿಲ್ಲ, ಇಡಿಯಾಗಿ ಕಾಣುತ್ತದೆ, ಅದೂ ಸಮಾಜ ಕಲಿಸಿದ ಹಾಗೆ ಕಾಣುತ್ತದೆ ಎಂದು ವಿಕೆಂತಿ ಲ್ವೋವಿಚ್ ಹೇಳಿದರು. ವಿಯೆನ್ನಾದ ಒಬ್ಬ ವೈದ್ಯ ಕನಸುಗಳ ಮೇಲೆ ಬರೆದ ಪುಸ್ತಕವೂ ಅವರ ಬಳಿ ಇತ್ತು. ಅದನ್ನು ಮಾತ್ರ ಪೆಟ್ಟಿಗೆಯ ತಳದಲ್ಲಿ, ಅಂಗಿಗಳ ಕೆಳಗೆ ಇಟ್ಟಿದ್ದರು. 1931ರ ಬೇಸಿಗೆಯಲ್ಲಿ ಬೆಟ್ಟದ ಹಳ್ಳಿಗಳಿಗೆ ಹೋದಾಗ ಮಸ್ತೂರಾ ದುಭಾಷಿಯಾಗಿ ಜೊತೆಗಿದ್ದಳು. ಬಾಯಿ ತೆರೆದ ವೃತ್ತದ ಚಿತ್ರವನ್ನು ಹೆಂಗಸರು ಬಳೆ ಎಂದರು. ತುಂಬಿದ ವೃತ್ತವನ್ನು ತಟ್ಟೆ ಎಂದರು. ಸ್ಥಳದ ಮುದುಕ ಉಮ್ಮತ್ ಬೋಬೊನನ್ನು ವಿಕೆಂತಿ ಲ್ವೋವಿಚ್ ಕೇಳಿದರು: ಸಮುದ್ರದಾಚೆಯ ಒಂದು ದೇಶದಲ್ಲಿ ಎಲ್ಲ ಕುದುರೆಗಳೂ ಕಪ್ಪು. ಒಂದು ಪಟ್ಟಣ ಆ ದೇಶದಲ್ಲಿದೆ. ಆ ಪಟ್ಟಣದ ಕುದುರೆಗಳ ಬಣ್ಣ ಯಾವುದು?

ಮುದುಕ ಗಡ್ಡ ನೀವಿಕೊಂಡ. "ನೋಡ್ದೇ ಇರೋ ಕುದುರೆ ಬಣ್ಣ ಹೇಳೋನು ಕುದುರೆ ದಲ್ಲಾಳಿ, ಮಗಳೇ. ನಾನು ಮರ್ಯಾದಸ್ಥ. ನಿಮ್ಮ ಯಜಮಾನ್ರು ನೋಡಿ ಬಂದಿದ್ರೆ ಅವ್ರೇ ಹೇಳ್ಲಿ, ನಾವು ನಂಬ್ತೀವಿ."

ಅವಳು ಇದ್ದದ್ದು ಇದ್ದ ಹಾಗೆ ರಷ್ಯನ್‌ನಲ್ಲಿ ಹೇಳಿದಳು. ಅವರು ಬರೆದುಕೊಂಡರು: ತರ್ಕಿಸಲಾರ. ಮುದುಕ ತರ್ಕಿಸಿದ್ದಾನೆ, ಅಪರಿಚಿತ ಅಧಿಕಾರಿಯ ಮುಂದೆ ಕಾಣದ ವಿಷಯಕ್ಕೆ ಸಾಕ್ಷಿ ಹೇಳಲು ಮಾತ್ರ ಒಪ್ಪಲಿಲ್ಲ ಎಂದು ಮಸ್ತೂರಾಳಿಗೆ ಗೊತ್ತಿತ್ತು. ಹೇಳಬೇಕೆಂದುಕೊಂಡಳು. ಆದರೆ ವಿಕೆಂತಿ ಲ್ವೋವಿಚ್ ಬರೆಯುತ್ತಿದ್ದರು. ಹಿರಿಯರು ಕೆಲಸದಲ್ಲಿರುವಾಗ ನಡುವೆ ಬಾಯಿ ಹಾಕಬಾರದು. ಬರೆದು ಮುಗಿಸುವ ಹೊತ್ತಿಗೆ ಮುಂದಿನವನು ಬಂದು ಕೂತಿದ್ದ.

ಕೊನೆಗೆ ಶಾಲೆಗಳಿಗೆ ಪರೀಕ್ಷೆಯ ಕಾಲ ಬಂತು. ಪ್ರತಿ ಮಗುವಿಗೂ ಒಂದು ಕಾರ್ಡು, ಕಾರ್ಡಿಗೊಂದು ಅಂಕಿ. ಓದು ಬರಹ ಕಲಿತಿದ್ದ ಮಸ್ತೂರಾ ಪರೀಕ್ಷಕಿಯಾದಳು. ಮಕ್ಕಳು ಅವಳನ್ನು ಓಪಾ ಎಂದು, ಅಂದರೆ ಅಕ್ಕ ಎಂದು ಕರೆದರು. ತನ್ನನ್ನು ನಿಧಾನ ಎಂದು ಬರೆದ ಪುಸ್ತಕದ ಪಕ್ಕದಲ್ಲೇ ಅವಳ ಕೈಬರಹದ ಕಾರ್ಡುಗಳು ಸೇರತೊಡಗಿದವು.

1936ರ ಮಾರ್ಚಿನಲ್ಲಿ, ವಸಂತದ ಹೊಸ ವರ್ಷದ ಹಬ್ಬಕ್ಕೆ ಮೂರು ದಿನವಿರುವಾಗ, ಅವಳು ರೊಟ್ಟಿ ತರಲು ಅನ್ಬರ್ ಬೀಬಿಯ ಒಲೆಗೆ ಹೋದಳು. ಮುದುಕಿ ಬೈಯಲಿಲ್ಲ. ಬೈದಿದ್ದರೆ ಎದುರಿಸಬಹುದಿತ್ತು.

"ಒಳಗ್ ಬಾ ಮಗಳೇ. ಬಾಗ್ಲಿಗೆ ಬಂದೋರನ್ನ ಹಾಗೇ ಕಳ್ಸೋಕಾಗುತ್ತಾ? ಬಿಸಿ ರೊಟ್ಟಿ ಇದೆ."

ಊಟದ ಬಟ್ಟೆ ಹಾಸಿದರು. ಕುಮ್ರಿ ಚಹಾ ತಂದಳು. ಬಟ್ಟಲಿನಲ್ಲಿ ಅತಿಥಿಗೆ ಗೌರವವೆಂದು ಅರ್ಧಕ್ಕಿಂತ ಕಡಿಮೆ ಚಹಾ, ಎಡಗೈ ಎದೆಯ ಮೇಲೆ, ತಲೆ ಬಾಗಿಸಿ. ಅವಳ ಬೆರಳ ತುದಿಗಳಲ್ಲಿ ಒಣಗಿದ ಅಂಟು ಬಿಳಿ ಪೊರೆಯಾಗಿ ಕಾಣುತ್ತಿತ್ತು. ಮಸ್ತೂರಾ ಬಟ್ಟಲು ತೆಗೆದುಕೊಂಡು ಕೇಳಿದಳು.

"ಶಾಲೇಲಿ ಏನ್ಮಾಡ್ತೀಯ ಕುಮ್ರಿ?"

ಹುಡುಗಿ ಕೈಕಟ್ಟಿ ನಿಂತಳು. ಮಸ್ತೂರಾ ಗುಟುಕರಿಸಿದಳು. ಮೌನ. ಐದೂವರೆ ವರ್ಷ ಎಂಬುದು ಸರಿಯೇ ಇರಬೇಕು ಎಂದುಕೊಂಡಳು. ತಲೆವಸ್ತ್ರ ಜಾರಿತು, ಕಟ್ಟಿಕೊಳ್ಳಲೆಂದು ಬಟ್ಟಲನ್ನು ಕೆಳಗಿಟ್ಟಳು.

"ದಿನಕ್ಕೆ ಅರವತ್ತು ಚೀಲ ಮಾಡ್ತೀನಿ ಓಪಾ," ಎಂದಳು ಕುಮ್ರಿ. "ಚೀಲ ಮಾಡೋ ಕಾಗ್ದ ಎಲ್ಲಾ ಹಳೇ ಪತ್ರಿಕೆ. ಅಂಟು ಹಚ್ಚೋ ಮುಂಚೆ ಓದ್ಕೋತೀನಿ. ಮೊನ್ನೆ ಕಾಲುವೆ ಸುದ್ದಿ ಇತ್ತು. ಅರ್ಧ ಚೀಲದ ಒಳಗಡೆ ಹೋಯ್ತು, ಅದಕ್ಕೆ ಕಾಲುವೆ ಎಲ್ಲಿಗ್ ಮುಟ್ತು ಅಂತ ಗೊತ್ತಾಗ್ಲಿಲ್ಲ."

ಮಸ್ತೂರಾ ಹುಡುಗಿಯನ್ನೇ ನೋಡಿದಳು. ಕೈ ತಾನಾಗಿ ಬಟ್ಟಲಿಗೆ ಹೋಯಿತು, ಎತ್ತಿಕೊಂಡಳು. "ಓದೋಕೆ ಯಾರು ಹೇಳ್ಕೊಟ್ರು?" ಹುಡುಗಿ ಬಾಯಿ ಮುಚ್ಚಿ ನಿಂತಳು. ಮಸ್ತೂರಾ ಬಟ್ಟಲನ್ನು ನಿಧಾನವಾಗಿ ಬಟ್ಟೆಯ ಮೇಲಿಟ್ಟಳು.

"ಎರಡನೇ ಕ್ಲಾಸಲ್ಲೇ ಬರ್ತಿತ್ತು."

ಮತ್ತೊಮ್ಮೆ ಎತ್ತಿದಳು. ಮೌನ. ಇಟ್ಟಳು. ಮಾತು.

"ಏನ್ ಆಟ ಆಡ್ತಿದೀಯ ಮಗೂ ಜೊತೆ?" ಎಂದಳು ಅನ್ಬರ್ ಬೀಬಿ. "ದೊಡ್ಡೋರ ಕೈಲಿ ಬಟ್ಲಿದ್ದಾಗ ಚಿಕ್ಕೋರು ಮಾತಾಡಬಾರ್ದು. ನಮ್ಮತ್ತೆ ನಂಗೆ ಕಲ್ಸಿದ್ರು, ನಾನು ಇವ್ಳಿಗೆ ಕಲ್ಸಿದೀನಿ. ಯಾಕೆ, ನಿಮ್ಮನೇಲಿ ಇರ್ಲಿಲ್ವಾ?"

ಇತ್ತು. ತಂದೆಯ ಕೈಯಿಂದ ಬಟ್ಟಲು ಇಳಿಯುವುದನ್ನೇ ಕಾಯುತ್ತಾ ಬಾಗಿಲ ಬಳಿ ನಿಂತಿದ್ದ ನೆನಪು ಅವಳಿಗೆ ಒಮ್ಮೆಲೇ ಬಂತು. ಹತ್ತು ವರ್ಷ ಮನಸ್ಸನ್ನು ಅಳೆಯುವ ಜಾಗದಲ್ಲಿದ್ದು ಅದನ್ನು ಮರೆತಿದ್ದಳು.

ಮರುದಿನ ವಿಕೆಂತಿ ಲ್ವೋವಿಚ್ ಎದುರು ನಿಂತು ಎಲ್ಲವನ್ನೂ ಹೇಳಿದಳು. ಕುಮ್ರಿಯನ್ನು ಇನ್ನೊಮ್ಮೆ ಪರೀಕ್ಷಿಸಲು ಅನುಮತಿ ಬೇಕು ಎಂದಳು. ಅವರು ಕನ್ನಡಕ ತೆಗೆದು ಒರೆಸಿದರು. ಈಚೆಗೆ ತುಂಬಾ ಸೊರಗಿದ್ದರು.

"ಎಷ್ಟು ಮಕ್ಕಳ ಪರೀಕ್ಷೇಲಿ ಚಹಾ ಕುಡಿದಿದ್ದೀರಿ?"

"ಎಲ್ಲರದ್ರಲ್ಲೂ."

"ಅಂದ್ರೆ?"

"ಇನ್ನೂರ ಹದಿನೇಳು."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಒಬ್ಬಳ ಕಾರ್ಡು ತಿದ್ದಿದ್ರೆ ಎಲ್ಲರದ್ದೂ ತಿದ್ದಬೇಕಾಗುತ್ತೆ, ಮಸ್ತೂರಾ. ಈಗ ಇದನ್ನ ಕಾಗದದ ಮೇಲೆ ಹಾಕಿದ್ರೆ ತಪ್ಪು ಅನ್ನಲ್ಲ, ದ್ರೋಹ ಅಂತಾರೆ. ಶರತ್ಕಾಲ ಬರಲಿ, ನೋಡೋಣ."

"ಚೀಲಕ್ಕೆ ಅಂಟು ಹಚ್ಚುತ್ತಿದಾಳೆ ಆ ಮಗು."

"ಗೊತ್ತು. ನಾನೇ ಸಹಿ ಹಾಕಿದ್ದು."

ಶರತ್ಕಾಲಕ್ಕೆ ಮುಂಚೆ ಜುಲೈ ಬಂತು. ಮಾಸ್ಕೋದಿಂದ ಆದೇಶ: ಮಕ್ಕಳ ಬುದ್ಧಿ ಅಳೆಯುವ ಪರೀಕ್ಷೆಗಳು ಸುಳ್ಳು ವಿಜ್ಞಾನ, ಇಂದಿನಿಂದ ನಿಷಿದ್ಧ. ಎರಡೇ ದಿನದಲ್ಲಿ ಕೋಣೆ ಖಾಲಿಯಾಯಿತು. ಕಾರ್ಡುಗಳನ್ನು ಕಟ್ಟು ಕಟ್ಟಿ, ಅರಗಿನ ಮುದ್ರೆ ಒತ್ತಿ ಒಯ್ದರು. ವಿಕೆಂತಿ ಲ್ವೋವಿಚ್ ಕೆಲಸ ಕಳೆದುಕೊಂಡರು. ವಾರದ ಮೇಲೆ ಮಸ್ತೂರಾ ಅವರ ಮನೆಗೆ ಹೋದಾಗ ಬಾಗಿಲಿಗೆ ಬೀಗವಿತ್ತು. ಅವರೆಲ್ಲಿ ಎಂದು ಕೇಳಿದ್ದಕ್ಕೆ ನೆರೆಯವರು ಕಿಟಕಿ ಮುಚ್ಚಿಕೊಂಡರು. ಅವಳ ಹುದ್ದೆಯೂ ಹೋಯಿತು, ಆದರೆ ಬೀದಿಗೆ ಬೀಳಲಿಲ್ಲ. ಶಿಕ್ಷಣ ಕಚೇರಿಯಲ್ಲಿ ನೆಲ ಒರೆಸಿ, ಸಮೋವಾರ್ ಎಂಬ ಇದ್ದಿಲಿನ ಹಂಡೆಯಲ್ಲಿ ಚಹಾ ಕಾಯಿಸಿ ಕೊಡುವ ಕೆಲಸ ಸಿಕ್ಕಿತು.

ನಿಷೇಧದಿಂದ ಒಂದು ಬಾಗಿಲು ತೆರೆದಿತ್ತು. ಪರೀಕ್ಷೆಯಿಂದಾಗಿ ಮಂದಬುದ್ಧಿಯ ಶಾಲೆ ಸೇರಿದ ಮಕ್ಕಳನ್ನು ಸಮಿತಿಯೊಂದು ಮಾತಾಡಿಸಿ ನೋಡುವುದು, ಸರಿಯಿರುವವರನ್ನು ಸೆಪ್ಟೆಂಬರಿನಿಂದ ಮಾಮೂಲಿ ಶಾಲೆಗೆ ಕಳಿಸುವುದು. ಒಂದೇ ಅವಕಾಶ. ಅಲ್ಲಿ ಉಳಿದವರು ಅಲ್ಲೇ. ಹಳೆ ಊರಿನ ಹದಿನಾಲ್ಕು ಮಕ್ಕಳ ಸರದಿ ಆಗಸ್ಟಿನ ಕೊನೆಯಲ್ಲಿ ಅದೇ ಕಚೇರಿಯಲ್ಲಿ ಬಂತು. ಪಟ್ಟಿಯಲ್ಲಿ ಕುಮ್ರಿ ಎಂಟನೆಯವಳು.

ಮಸ್ತೂರಾ ಸಮಿತಿಯ ಅಧ್ಯಕ್ಷ ಜೋಹಿದೊವ್ ಬಳಿಗೆ ಹೋಗಿ ಬಾಯಿ ತೆರೆಯುವಷ್ಟರಲ್ಲಿ ಅವನು ಕೈಯೆತ್ತಿದ.

"ನೀವೇ ಅಲ್ವಾ ಆ ಪರೀಕ್ಷೆ ಹೆಂಗಸು? ನೋಡಿ ಅಕ್ಕ, ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ. ಯಾವ ಮಗು ಬಗ್ಗೆ ನೀವು ಮಾತಾಡ್ತೀರೋ ಆ ಮಗು ಕಡತ ಪಕ್ಕಕ್ಕಿಡ್ತೀನಿ. ಚಹಾ ಕಾಯ್ಸೋ ಕೆಲಸ ಕೊಟ್ಟಿದಾರೆ. ಚಹಾ ಕಾಯ್ಸಿ."

ಆ ಸಂಜೆ ಅನ್ಬರ್ ಬೀಬಿಯ ಮನೆಗೆ ಹೋದಳು. ಸಮಿತಿಯವರ ಕೈಯಲ್ಲಿ ಬಟ್ಟಲಿದ್ದರೂ ಮಾತಾಡಬೇಕೆಂದು ಹುಡುಗಿಗೆ ಹೇಳಿಕೊಡಿ ಎಂದಳು.

"ವಾರದಿಂದ ಅದೇ ಮಾಡ್ತಿದೀನಿ," ಎಂದಳು ಮುದುಕಿ. "ನಾನೇ ಬಟ್ಲು ಹಿಡ್ಕೊಂಡು ಕೂರ್ತೀನಿ, ಕೇಳ್ತೀನಿ. ಹೂಂ ಅಜ್ಜಿ ಅಂತಾಳೆ, ಬಾಯಿ ತೆಗೀತಾಳೆ, ಸ್ವರಾನೇ ಬರಲ್ಲ. ನಿನ್ನೆ ಅತ್ತುಬಿಟ್ಲು. ಒಂಬತ್ತು ವರ್ಷ ಕಲ್ಸಿದ್ದು ಒಂದು ವಾರಕ್ಕೆ ಹೋಗುತ್ತಾ?"

ಮಸ್ತೂರಾಳಿಗೆ ಸುತ್ತಿಗೆಯ ಸದ್ದಿಗೆ ಎದ್ದು ನಿಲ್ಲುತ್ತಿದ್ದ ಓಲಪಾರ್ ನೆನಪಾಯಿತು. ಸಾಯುವವರೆಗೂ ಅದು ಹಾಗೆಯೇ ಮಾಡಿತ್ತು.

ಸಮಿತಿಯ ದಿನ ಬೆಳಗ್ಗೆ ಎಂಟಕ್ಕೇ ಬಿಸಿಲು ಏರಿತ್ತು. ಮೇಜಿನ ಹಿಂದೆ ಮೂವರು: ಜೋಹಿದೊವ್, ಒಬ್ಬ ವೈದ್ಯ, ಬಾವುದಿನೊವಾ ಎಂಬ ಮಧ್ಯವಯಸ್ಸಿನ ಶಿಕ್ಷಕಿ. ಮಸ್ತೂರಾ ಹೊರಗಿನ ಜಗಲಿಯಲ್ಲಿ ಸಮೋವಾರ್ ಎದುರು ಕೂತಿದ್ದಳು. ನೀರು ತುಂಬಿದ್ದಳು, ಇದ್ದಿಲು ಹಾಕಿದ್ದಳು. ಕಡ್ಡಿ ಗೀರಿರಲಿಲ್ಲ. ಇದ್ದಿಲನ್ನು ಹಿಂದಿನ ದಿನವೇ ಬಾವಿಕಟ್ಟೆಯ ಪಕ್ಕದಲ್ಲಿ ಇಟ್ಟಿದ್ದಳು, ಯಾರಾದರೂ ಮುಟ್ಟಿ ನೋಡಿದರೆ ಒದ್ದೆಯಿರಲಿ ಎಂದು.

ಎರಡು ಮಕ್ಕಳು ಒಳಗೆ ಹೋಗಿ ಬಂದ ಮೇಲೆ ಜೋಹಿದೊವ್ ಕೂಗಿದ. "ಚಹಾ ಎಲ್ಲಿ?"

"ಇದ್ದಿಲು ತೇವ ಆಗಿದೆ. ಹೊತ್ತಿಸ್ತಿದೀನಿ."

ಐದನೆಯ ಮಗುವಿನ ನಂತರ ಬಾವುದಿನೊವಾ ಬಾಗಿಲಿಗೆ ಬಂದಳು. "ಅಕ್ಕಾ, ತಾಷ್ಕೆಂಟಿಗೆ ಹೋದ ರೈಲು ವಾಪಸ್ ಬರೋ ಹೊತ್ತಾಯ್ತು. ನಮ್ ಗಂಟ್ಲು ಒಣಗಿ ಸತ್ರೆ ನಿಮಗೇ ಪಾಪ."

ಬೇರೆ ದಾರಿಯಿಲ್ಲದೆ ಮಸ್ತೂರಾ ಬೆಂಕಿ ಹಚ್ಚಿದಳು. ಇದ್ದಿಲು ಹೊಗೆಯಾಡಿ, ಅವಳ ದುರದೃಷ್ಟಕ್ಕೆ, ಚೆನ್ನಾಗಿಯೇ ಹೊತ್ತಿಕೊಂಡಿತು. ಏಳನೆಯ ಹುಡುಗ ಒಳಗಿದ್ದಾಗ ಸಮೋವಾರ್ ಗುಂಯ್‌ಗುಡತೊಡಗಿತು. ಆ ಸದ್ದು ಒಳಗೂ ಕೇಳಿಸಿತು. "ಆಹಾ, ಹಾಡ್ತಿದೆ ಕೇಳಿ!" ಎಂದ ವೈದ್ಯ. ಗೋಡೆಗೊರಗಿ ನಿಂತಿದ್ದ ಕುಮ್ರಿ ಸಮೋವಾರ್ ಕಡೆ ನೋಡಿದಳು, ಆಮೇಲೆ ಮಸ್ತೂರಾಳ ಕಡೆ. ಅವಳ ತುಟಿ ಬಿಳಿಚಿಕೊಂಡಿತ್ತು.

ಮಸ್ತೂರಾ ಎದ್ದು ನಿಂತು, ಸಮೋವಾರ್‌ನ ಕಾಲನ್ನು ತನ್ನ ಕಾಲಿನಿಂದಲೇ ತಳ್ಳಿದಳು. ಅದು ಮಗುಚಿ ಬಿತ್ತು. ಕುದಿಯುವ ನೀರು ಜಗಲಿಯ ಮೇಲೆ ಹರಿಯಿತು, ಕೆಂಡ ಚೆಲ್ಲಾಡಿತು. ಅವಳ ಪಾದದ ಮೇಲೂ ನೀರು ಬಿತ್ತು.

ಜೋಹಿದೊವ್ ಓಡಿ ಬಂದ. "ಏನ್ರೀ ಇದು! ಕಣ್ಣಿಲ್ವಾ ನಿಮಗೆ?"

"ಕಾಲು ಜಾರ್ತು. ಮತ್ತೆ ಇಡ್ತೀನಿ."

"ಬಿಡಿ, ಬಿಡಿ. ಎಂಟನೆಯವರು ಯಾರು? ಒಳಗ್ ಬಾ."

ಕೆಂಡ ಎತ್ತುವ ಇಕ್ಕಳ ಹಿಡಿದು ಮಸ್ತೂರಾ ಬಾಗಿಲ ಬಳಿ ನಿಂತಳು. ಮೇಜಿನ ಮೇಲೆ ಕಾಗದ, ಮಸಿ, ಖಾಲಿ ಕೈಗಳು. ಬಾವುದಿನೊವಾ ಪತ್ರಿಕೆ ಕೊಟ್ಟು ಓದು ಎಂದಳು. ಕುಮ್ರಿ ಓದಿದಳು. ಮೊದಲ ಸಾಲಿನಲ್ಲಿ ದನಿ ನಡುಗಿತು, ಮೂರನೆಯದರಲ್ಲಿ ಸರಿಯಾಯಿತು. ಹದಿನೇಳನ್ನು ನಾಲ್ಕರಿಂದ ಗುಣಿಸಿದಳು. ವರ್ಷದ ತಿಂಗಳುಗಳನ್ನು ಹಿಂದಿನಿಂದ ಹೇಳಿದಳು.

"ಇಷ್ಟೆಲ್ಲ ಬರುತ್ತಲ್ಲ," ಎಂದ ವೈದ್ಯ, "ಆ ಶಾಲೆಗೆ ಹೇಗ್ ಹೋದೆ ಮಗಳೇ?"

ಕುಮ್ರಿ ನೆಲ ನೋಡಿದಳು. "ನಾನು ಕಾಯ್ತಿದ್ದೆ. ಓಪಾ ಚಹಾ ಕುಡೀತಿದ್ರು."

ಮೂವರೂ ಮುಖ ಮುಖ ನೋಡಿಕೊಂಡರು. "ಅದೃಷ್ಟವಂತೆ ಕಣಮ್ಮ ಆ ಓಪಾ," ಎಂದ ಜೋಹಿದೊವ್, "ನಮಗಂತೂ ಇವತ್ತು ಚಹಾ ಸಿಕ್ಕಿಲ್ಲ." ನಕ್ಕು ಸಹಿ ಹಾಕಿದ. "ಮೂರನೇ ಕ್ಲಾಸು. ಹೋಗು."

ಹುಡುಗಿ ಹೊರಗೆ ಬಂದು, ಒದ್ದೆ ಜಗಲಿ ದಾಟಿ, ಮಸ್ತೂರಾಳ ಪಕ್ಕದಿಂದಲೇ ಹೋದಳು. ತಲೆಯೆತ್ತಲಿಲ್ಲ.

ಇನ್ನು ಚಹಾ ಕೊಡಬಹುದಿತ್ತು. ಮಸ್ತೂರಾ ಪಟ್ಟಿ ನೆನಪಿಸಿಕೊಂಡಳು. ಉಳಿದ ಆರರಲ್ಲಿ ನಾಲ್ಕು ಅವಳ ಕೈಬರಹದ ಕಾರ್ಡುಗಳು. ಆ ಮಕ್ಕಳ ಮನೆಗಳಲ್ಲಿ ಏನು ಕಲಿಸಿದ್ದರೋ ಅವಳಿಗೆ ಗೊತ್ತಿರಲಿಲ್ಲ. ಸುಟ್ಟ ಪಾದಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು, ಬಾವಿಗೆ ಹೋಗಿ, ಬಹಳ ಹೊತ್ತು ನೀರು ಸೇದಿದಳು. ಹದಿನಾಲ್ಕನೆಯ ಮಗು ಹೊರಬಂದ ಮೇಲೆ ಚಹಾ ಒಳಗೆ ಹೋಯಿತು. ಹದಿನಾಲ್ಕರಲ್ಲಿ ಹನ್ನೊಂದು ಮಕ್ಕಳು ಮಾಮೂಲಿ ಶಾಲೆಗೆ. ಮೂವರು ಅಲ್ಲೇ ಉಳಿದರು. ಅವರಲ್ಲಿ ಇಬ್ಬರು ನಿಜಕ್ಕೂ ಅಲ್ಲಿಗೆ ಸೇರಬೇಕಾದವರೇ ಎಂದು ಅವಳಿಗೆ ಅನ್ನಿಸಿತು. ಮೂರನೆಯವನ ಬಗ್ಗೆ ಏನೂ ಅನ್ನಿಸಲಿಲ್ಲ. ಹಾಗೆ ಏನೂ ಅನ್ನಿಸದೆ ಇದ್ದದ್ದೇ ಅವಳನ್ನು ಕಾಡಿತು.

ಸಂಜೆ ಜೋಹಿದೊವ್ ಅವಳ ಕಡತ ತರಿಸಿ ಒಂದು ಸಾಲು ಬರೆದ. ಅವಳಿಗೆ ಓದಲು ಬರುತ್ತದೆ ಎಂಬುದನ್ನು ಮರೆತನೋ ಏನೋ, ಅವಳ ಎದುರಿಗೇ ಬರೆದ: ಕೆಲಸದಲ್ಲಿ ಬಹಳ ನಿಧಾನ, ಎಚ್ಚರಿಕೆ ನೀಡಲಾಗಿದೆ.

ಅವನು ಬಟ್ಟಲಿನ ಕೊನೆಯ ಗುಟುಕು ಕುಡಿದು ಮುಗಿಸುವವರೆಗೂ ಮಸ್ತೂರಾ ಕೈಕಟ್ಟಿ ನಿಂತಿದ್ದಳು. ಅವನು ಬಟ್ಟಲು ಕೆಳಗಿಟ್ಟ.

"ನಾಳೆ ಸಿಯೋಬ್ ಕೇರಿ ಮಕ್ಕಳ ಸರದಿ ಅಲ್ವಾ?" ಎಂದು ಕೇಳಿದಳು.

"ಹೌದು, ಅಲ್ಲಿನ ಶಾಲೇಲೇ. ಯಾಕೆ?"

ಆ ಕಡೆಯ ಮಕ್ಕಳಲ್ಲಿ ಅವಳ ಕಾರ್ಡುಗಳು ಇಪ್ಪತ್ತಾರು.

"ಅಲ್ಲಿ ಚಹಾ ಕಾಯ್ಸೋದು ಯಾರು?"